ಕವಲಲ್ಲಿ ನಿಂತವಳು

ಭಾನುವಾರದ ಸೈಕಲ್ ಸವಾರರೆಲ್ಲ ಅವಳನ್ನು ಕವಲಕ್ಕ ಎಂದೇ ಕರೆಯುತ್ತಿದ್ದರು. ಅವಳದು ಹೊಲಿಗೆ ಅಂಗಡಿ. ಸೈಕಲ್ಲಿನ ಎರಡೂ ಪಕ್ಕೆಗೆ ನೇತುಹಾಕುವ ಚೀಲ ಹೊಲಿಯುವುದರಲ್ಲಿ ಎತ್ತಿದ ಕೈ. ಆದರೆ ಹೆಸರು ಬಂದದ್ದು ಹೊಲಿಗೆಯಿಂದಲ್ಲ, ನಿಲ್ಲುವುದರಿಂದ.

ಸರೋವರದ ಸುತ್ತಲಿನ ನಿಸರ್ಗಧಾಮದಲ್ಲಿ ದಾರಿಗಳು ಬೆಕ್ಕು ಎಳೆದಾಡಿದ ನೂಲಿನುಂಡೆಯ ಹಾಗೆ ಹರಡಿಕೊಂಡಿವೆ. ಒಂದು ತಿರುವು ತಪ್ಪಿದರೆ ಮಧ್ಯಾಹ್ನದ ಊಟ ತಪ್ಪಿದಂತೆಯೇ. ಹಿಂದೆ ಅಲ್ಲಿ ಕಾವಲುಗಾರನಾಗಿದ್ದ ಅವಳ ಅಪ್ಪ ಇದಕ್ಕೊಂದು ಪದ್ಧತಿ ಮಾಡಿಟ್ಟಿದ್ದ. ಕವಲು ಬಂದಾಗ ಮುಂದಾಳು ಮುಷ್ಟಿ ಎತ್ತಿದರೆ ಅವನ ಬೆನ್ನಿಗೇ ಇರುವ ಒಬ್ಬರು ಅಲ್ಲೇ ಇಳಿದು ನಿಲ್ಲಬೇಕು. ಹಿಂದೆ ಬರುವವರಿಗೆಲ್ಲ ದಾರಿ ತೋರಿಸಬೇಕು. ಗುಂಪಿನ ಕೊನೆಯ ಸವಾರ, ಅಂದರೆ ಬಾಲ, ಬಂದು ದಾಟುವ ತನಕ ಜಾಗ ಬಿಡಬಾರದು. ಯಾರಾದರೂ ಕಾಣದಿದ್ದರೆ ಮುಂದಾಳು ಉದ್ದನೆಯ ಸಿಳ್ಳೆ ಹಾಕುತ್ತಾನೆ. ಎಲ್ಲಿದ್ದರೂ ಬೆಲ್ ಬಾರಿಸಿ ಓಗೊಡಬೇಕು. ಓಗೊಡುವ ತನಕ ಮುಂದಾಳು ಗೇಟು ದಾಟುವ ಹಾಗಿಲ್ಲ.

ಅಪ್ಪ ಹೋದ ಮೇಲೆ ಮುಂದಾಳಾದವಳು ತಂಗಿ. ಕವಲಲ್ಲಿ ನಿಲ್ಲುವವಳು ಅಕ್ಕ. ತಾಯಿಯಿಲ್ಲದ ಆ ತಂಗಿಗೆ ಜಡೆ ಹಾಕಿದ್ದು, ಸೀಟು ಹಿಡಿದು ಸೈಕಲ್ ಕಲಿಸಿದ್ದು, ಮಂಡಿ ತರಚಿಕೊಂಡಾಗ ಊದಿ ಔಷಧಿ ಹಚ್ಚಿದ್ದು ಎಲ್ಲ ಕವಲಕ್ಕನೇ. ಹಾಗಾಗಿ ತಂಗಿ ಮುಂದೆ ಹೋಗುವುದು, ತಾನು ಹಿಂದೆ ನಿಲ್ಲುವುದು ಅವಳಿಗೆ ಹೊಸದೇನಲ್ಲ.

ಅವಳಿಗಿದ್ದದ್ದು ಒಂದೇ ಹಟ. ಸರೋವರದ ಒಂದು ಮೂಲೆಯಲ್ಲಿ ಜೊಂಡಿನ ದಾರಿ ಎಂಬ ಕಾಲುಹಾದಿಯಿದೆ. ಎರಡು ಕಡೆಯೂ ಆಳೆತ್ತರದ ಜೊಂಡು. ಅದರ ಬುಡದಲ್ಲೇ, ಕೈಗೆ ಎಟಕುವಷ್ಟು ಹತ್ತಿರದಲ್ಲಿ, ನೀರುಕೋಳಿಗಳು ಗೂಡು ಕಟ್ಟುತ್ತವೆ. ಅಲ್ಲಿ ನಡೆದು ಹೋಗಬಹುದು, ಸೈಕಲ್ ಹೊಡೆಯಬಾರದು ಎಂಬುದು ಅಪ್ಪನ ಮಾತು. ಈಗ ಧಾಮದವರಿಗೆ ಸರೋವರವನ್ನು ಪೂರ್ತಿ ಒಂದು ಸುತ್ತು ಹಾಕುವ ಪ್ರವಾಸಿ ಸೈಕಲ್ ಮಾರ್ಗ ಬೇಕಾಗಿತ್ತು. ಜೊಂಡಿನ ದಾರಿಯನ್ನು ಅಗಲ ಮಾಡಿದರಷ್ಟೇ ಆ ಸುತ್ತು ಕೂಡುತ್ತದೆ. ಹಳೆಯ ಸವಾರರ ಅಭಿಪ್ರಾಯ ಕೇಳಲು ಮೇಲಧಿಕಾರಿಯೊಬ್ಬರು ಬರುವವರಿದ್ದರು. ಹಳಬರಲ್ಲಿ ಒಬ್ಬರು ಬೇಡವೆಂದರೂ ಕೆಲಸ ನಿಲ್ಲುತ್ತದೆ ಎಂದು ಮೊದಲೇ ಹೇಳಿದ್ದರು.

"ಅವರು ಬರೋದು ಈ ಭಾನುವಾರ ಅಲ್ಲ, ಮುಂದಿನ ಭಾನುವಾರ ಕಣೇ ಅಕ್ಕ," ಎಂದಿದ್ದಳು ತಂಗಿ. "ನೀನೇ ಮಾತಾಡು. ನಿನ್ನ ಬಾಯಿಗೆ ಬೀಗ ಹಾಕೋರು ಯಾರಿದ್ದಾರೆ?"

ಕವಲಕ್ಕ ವಾರವೆಲ್ಲ ಹೊಲಿಗೆ ಯಂತ್ರ ತುಳಿಯುತ್ತಲೇ ಆಡಬೇಕಾದ ಮಾತನ್ನು ಮನಸ್ಸಿನಲ್ಲಿ ಹೊಲಿದಿದ್ದಳು, ಬಿಚ್ಚಿದ್ದಳು, ಮತ್ತೆ ಹೊಲಿದಿದ್ದಳು.

ಆ ಭಾನುವಾರ ಬೆಳಗ್ಗೆ ಎಂದಿನಂತೆ ಹೊರಟರು. ಪೈನ್ ತೋಪು ಮುಗಿಯುವಲ್ಲಿ ಬರುವ ಕವಲಿನಲ್ಲಿ ತಂಗಿ ಮುಷ್ಟಿ ಎತ್ತಿದಳು. ಕವಲಕ್ಕ ಇಳಿದು ಸೈಕಲ್ಲನ್ನು ಮರಕ್ಕೆ ಒರಗಿಸಿ, ಎಡಗೈ ಚಾಚಿ ನಿಂತಳು. ಸೊಂಟದ ಮೇಲೆ ಇನ್ನೊಂದು ಕೈ. ಹಾಗೆ ನಿಂತರೆ ಅವಳು ಥೇಟ್ ಕೆಟಲ್ಲಿನ ಹಾಗೆ ಕಾಣುತ್ತಾಳೆಂದು ಬಾಲಣ್ಣ ಯಾವಾಗಲೂ ನಗಾಡುತ್ತಿದ್ದ. ಬಾಲಣ್ಣ ನಿವೃತ್ತ ಅಂಚೆಯವನು. ಅಪ್ಪನ ಗೆಳೆಯ. ಗುಂಪಿನ ಖಾಯಂ ಬಾಲ.

ಯಾರೂ ಬರಲಿಲ್ಲ.

ಹೊಸಬರಿರಬೇಕು, ನಿಧಾನವಾಗಿರಬೇಕು ಎಂದುಕೊಂಡಳು. ಆಮೇಲೆ, ಯಾರದೋ ಟಯರು ಪಂಕ್ಚರ್ ಆಗಿರಬೇಕು ಎಂದುಕೊಂಡಳು. ನೆರಳು ಅವಳ ಕಾಲ ಬುಡಕ್ಕೆ ಸರಿದು ಬಂತು. ಬಾಲಣ್ಣನ ಎದೆನೋವು ನೆನಪಾಯಿತು. ಹಿಂದೆ ಹೋಗಿ ನೋಡಲೇ? ಹೋದಾಗಲೇ ಅವರು ಇನ್ನೊಂದು ಅಡ್ಡದಾರಿಯಿಂದ ಬಂದು, ಇಲ್ಲಿ ಯಾರೂ ಇಲ್ಲದೆ ದಾರಿ ತಪ್ಪಿದರೆ? ಒಲೆಯ ಮೇಲೆ ಹಾಲಿಟ್ಟು ಮಗುವಿನ ಅಳು ಕೇಳಿದವಳ ಹಾಗೆ ಅತ್ತ ಒಂದು ಹೆಜ್ಜೆ ಇಡುವಳು, ಇತ್ತ ಒಂದು ಹೆಜ್ಜೆ ಇಡುವಳು.

ಚೀಲದಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ಇತ್ತು. ತಂಗಿಗೆ ಹಸಿವು ತಡೆಯುವುದಿಲ್ಲ ಎಂದು ಕಟ್ಟಿಕೊಂಡು ಬಂದದ್ದು. ಅದನ್ನವಳು ಮುಟ್ಟಲಿಲ್ಲ.

ಎದುರಿನಿಂದ ಒಬ್ಬ ಹೆಂಗಸು, ಹಿಂದಿನ ಪುಟ್ಟ ಸೀಟಿನಲ್ಲಿ ಮಗಳನ್ನು ಕೂರಿಸಿಕೊಂಡು, ಏದುಸಿರು ಬಿಡುತ್ತಾ ಬಂದಳು.

"ಅಮ್ಮ, ಈ ಆಂಟಿ ಸಿಗ್ನಲ್ಲಾ?" ಎಂದಿತು ಮಗು.

"ಹೌದು ಪುಟ್ಟಿ, ಕೆಟ್ಟುಹೋದ ಸಿಗ್ನಲ್ಲು," ಎಂದು ಕವಲಕ್ಕ ನಕ್ಕಳು. ಆಮೇಲೆ ತಾಯಿಯನ್ನು ಕೇಳಿದಳು: "ದಾರೀಲಿ ಒಂದು ಗುಂಪು ಸಿಕ್ತಾ? ಹಿಂದುಗಡೆ ವಯಸ್ಸಾದವರೊಬ್ಬರು ಇರ್ತಾರೆ, ಕೆಂಪು ಟೋಪಿ."

"ಅಯ್ಯೋ, ಅವರೆಲ್ಲ ದೋಣಿಕಟ್ಟೆ ಹತ್ರ ಇದ್ದಾರಲ್ಲ! ಯಾರೋ ಸಾಹೇಬರು ಬಂದಿದ್ದಾರೆ. ಚಹಾ, ಬಿಸ್ಕತ್ತು, ಭಾಷಣ, ಎಲ್ಲ ಆಗ್ತಿದೆ. ಕೆಂಪು ಟೋಪಿಯವರೂ ಇದ್ರು."

"ಇರಲಾರರು. ಬಾಲ ಇನ್ನೂ ಇಲ್ಲಿ ದಾಟೇ ಇಲ್ಲ."

ಹೆಂಗಸಿಗೆ ಅರ್ಥವಾಗಲಿಲ್ಲ. ಪೆಡಲು ತುಳಿದು ಹೊರಟುಹೋದಳು. ಕವಲಕ್ಕ ಅಷ್ಟಾದರೂ ಜಾಗ ಬಿಡಲಿಲ್ಲ. ಬೇರೆ ಯಾವುದೋ ಗುಂಪಿರಬೇಕು. ಲೋಕದಲ್ಲಿ ಕೆಂಪು ಟೋಪಿ ಒಂದೇ ಇರುತ್ತದೆಯೇ?

ಕೊನೆಗೆ ಬಾಲಣ್ಣನೇ ಬಂದ. ಹಿಂದಿನಿಂದ ಬರಬೇಕಾದವನು ಮುಂದಿನಿಂದ ಬಂದ, ಸೈಕಲ್ ತಳ್ಳಿಕೊಂಡು. ಕೆಂಪು ಟೋಪಿ ಕೈಯಲ್ಲಿತ್ತು.

"ಏನಾಯ್ತು ಬಾಲಣ್ಣ? ಎದೆ ನೋವಾ?"

"ನೋವೇ ಕಣಮ್ಮ. ಆದರೆ ಔಷಧಿ ಇರೋ ನೋವಲ್ಲ." ಅವನು ಅವಳ ಮುಖ ನೋಡಲಿಲ್ಲ. "ನಿನ್ನನ್ನ ಇಲ್ಲಿ ನಿಲ್ಲಿಸಿ ಅವಳು ತೋಪಿನ ಒಳಗಡೆಯಿಂದ ವಾಪಸ್ ಬಂದಳು. ನಮ್ಮನ್ನೆಲ್ಲ ಕೆಳದಾರೀಲಿ ಕರಕೊಂಡು ಹೋದಳು. ಸಾಹೇಬರು ಬಂದಿದ್ರು. ಮಾರ್ಗಕ್ಕೆ ಒಪ್ಪಿಗೆ ಇರೋರು ಕೈ ಎತ್ತಿ ಅಂದರು, ಎಲ್ಲರೂ ಎತ್ತಿದರು."

"ನೀವು?"

ಬಾಲಣ್ಣ ಟೋಪಿಯ ಅಂಚನ್ನು ತಿರುವುತ್ತ ನಿಂತ. "ಮಾರ್ಗ ಆದರೆ ಅವಳಿಗೆ ಸಂಬಳದ ಗೈಡ್ ಕೆಲಸ ಅಂತೆ. ಹುಡುಗಿಗೆ ಒಂದು ನೆಲೆ ಆಗುತ್ತಲ್ಲ ಅಂತ... ನಾನೂ ಎತ್ತಿದೆ."

"ಬೇಲಿನೇ ಎದ್ದು ಹೊಲ ಮೇಯ್ತು ಅನ್ನಿ," ಎಂದಳು ಕವಲಕ್ಕ. ದನಿ ಏರಲಿಲ್ಲ. ಚಾಚಿದ್ದ ಎಡಗೈ ಮಾತ್ರ ಎಷ್ಟೋ ಹೊತ್ತಿನ ಮೇಲೆ ಕೆಳಗಿಳಿಯಿತು. ಅಭ್ಯಾಸ ನೋಡಿ, ಬಾಲ ಬಂದಿತಲ್ಲ.

ದೋಣಿಕಟ್ಟೆಯಲ್ಲಿ ಸಾಹೇಬರು ಹೊರಟಾಗಿತ್ತು. ಖಾಲಿ ಲೋಟಗಳ ಸುತ್ತ ನೊಣ ಹಾರುತ್ತಿದ್ದವು. ತಂಗಿ ನೀರಿನ ಕಡೆ ಮುಖ ಮಾಡಿ ತನ್ನ ಸೈಕಲ್ಲಿನ ಚೈನನ್ನು ಸುಮ್ಮಸುಮ್ಮನೆ ಒರೆಸುತ್ತಿದ್ದಳು.

"ನನ್ನ ಹತ್ರ ಬಂದು, 'ಬೇಡ ಅನ್ಬೇಡ ಅಕ್ಕ' ಅಂದಿದ್ರೆ ಆಗ್ತಿರಲಿಲ್ವಾ?" ಎಂದಳು ಕವಲಕ್ಕ.

"ಅಂದಿದ್ರೆ ಒಪ್ತಿದ್ದೆಯಾ?"

"ಇಲ್ಲ."

"ಮತ್ತೆ?" ತಂಗಿ ತಿರುಗಿದಳು. ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು. "ನಿನಗೆ ಅಂಗಡಿ ಇದೆ, ಗಿರಾಕಿ ಇದ್ದಾರೆ. ನನಗೇನಿದೆ, ಒಂದು ಸಿಳ್ಳೆ! ಹಕ್ಕಿಗಳು ಇನ್ನೊಂದು ಕಡೆ ಗೂಡು ಕಟ್ಟುತ್ವೆ ಅಕ್ಕ. ನಾನೆಲ್ಲಿ ಕಟ್ಟಲಿ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕವಲಕ್ಕ ಅದನ್ನು ಹೊಟ್ಟೆಗೆ ಹಾಕಿಕೊಂಡಳು. ಸಣ್ಣಂದಿನಿಂದ ಎಷ್ಟನ್ನು ಹಾಕಿಕೊಂಡಿಲ್ಲ? ಆದರೆ ಒಂದು ಮಾತು ಗಂಟಲು ದಾಟಿ ಇಳಿಯಲೊಲ್ಲದು.

"ಬೇಡ ಅನ್ನೋಕೆ ನಾನು ಹುಡುಕ್ಕೊಂಡು ಇಲ್ಲಿಗೇ ಬಂದಿದ್ರೆ ಏನು ಮಾಡ್ತಿದ್ದೆ?"

"ಬರ್ತಿರಲಿಲ್ಲ," ಎಂದಳು ತಂಗಿ ತಟ್ಟನೆ. "ನೀನು ನಿಂತೇ ಇರ್ತೀಯ ಅಂತ ಗೊತ್ತಿತ್ತು."

ಹೇಳಿದ ಮೇಲೆ ತಾನೇ ತುಟಿ ಕಚ್ಚಿಕೊಂಡಳು. ಸಿಟ್ಟಿನಲ್ಲಿ ಆಡಿದ್ದರೆ ಅಷ್ಟು ನೋಯುತ್ತಿರಲಿಲ್ಲವೇನೋ. ಬಿಸಿಲು ಬಂದರೆ ಬಟ್ಟೆ ಒಣಗುತ್ತದೆ ಎಂಬಷ್ಟು ಸಹಜವಾಗಿ ಆಡಿದ್ದಳು.

ಕವಲಕ್ಕ ಚೀಲದಿಂದ ಬ್ರೆಡ್ಡು, ಮೊಟ್ಟೆಯ ಪೊಟ್ಟಣ ತೆಗೆದು ತಂಗಿಯ ಪಕ್ಕದ ಕಲ್ಲಿನ ಮೇಲಿಟ್ಟಳು. "ತಿನ್ನು. ನಿನಗೆ ಹಸಿವು ತಡೆಯಲ್ಲ."

ತಂಗಿ ಮುಟ್ಟಲಿಲ್ಲ.

ಮರಳಿ ಹೊರಟರು. ಕೈ ಎತ್ತಿದವರೆಲ್ಲ ಆ ಕೈಗಳನ್ನು ಹ್ಯಾಂಡಲ್ಲಿಗೆ ಬಿಗಿಯಾಗಿ ಅಂಟಿಸಿಕೊಂಡಿದ್ದರು. ತಂಗಿ ಮುಂದೆ, ಅವಳ ಬೆನ್ನಿಗೆ ಕವಲಕ್ಕ. ಎಷ್ಟೆಂದರೂ ಅದು ಅವಳ ಜಾಗ. ಗೇಟಿಗೆ ಹೋಗುವ ದಾರಿಯಿಂದ ಜೊಂಡಿನ ದಾರಿ ಒಡೆಯುವ ಕಡೆಯ ಕವಲು ಬಂತು. ತಂಗಿಯ ಮುಷ್ಟಿ ಅಭ್ಯಾಸಬಲದಿಂದ ಮೇಲೆದ್ದಿತು. ಎದ್ದದ್ದು ಅರ್ಧದಲ್ಲೇ ನಾಚಿ, ಮತ್ತೆ ಹ್ಯಾಂಡಲ್ಲಿಗೆ ಬಂತು.

ನಿಲ್ಲದೆ ಹೋಗಬಹುದಿತ್ತು. ಯಾರು ತಾನೇ ಏನೆನ್ನುವ ಹಾಗಿತ್ತು? ಆದರೆ ಬಾಲಣ್ಣನೊಬ್ಬನನ್ನು ಬಿಟ್ಟರೆ ಎಲ್ಲರಿಗಿಂತ ಹಿಂದೆ ಔಷಧಿ ಅಂಗಡಿಯ ಹೊಸ ಹೆಂಗಸೊಬ್ಬಳಿದ್ದಳು, ಮೊದಲ ಸಲ ಬಂದವಳು. ಈ ಕವಲಿನಲ್ಲಿ ತಪ್ಪಿದರೆ ಅವಳು ಸೈಕಲ್ ಸಮೇತ ನೇರ ಗೂಡುಗಳ ಮೇಲೆಯೇ ಹೋಗುತ್ತಾಳೆ. ಅವಳೇನು ಪಾಪ ಮಾಡಿದ್ದಾಳೆ? ಗೂಡುಗಳೇನು ಪಾಪ ಮಾಡಿವೆ?

ಕವಲಕ್ಕ ಇಳಿದಳು. ಕೈ ಚಾಚಿದಳು. ಒಬ್ಬೊಬ್ಬರೇ ತಲೆ ತಗ್ಗಿಸಿ ದಾಟಿದರು. ಹೊಸ ಹೆಂಗಸು ಮಾತ್ರ, "ಥ್ಯಾಂಕ್ಸ್ ಅಕ್ಕ, ನೀವಿಲ್ದಿದ್ರೆ ನಾನು ಕಳೆದೇ ಹೋಗ್ತಿದ್ದೆ," ಎಂದು ನಕ್ಕು ಹೋದಳು. ಕೊನೆಗೆ ಬಾಲಣ್ಣ ಬಂದು ನಿಂತ.

"ನಡಿಯಮ್ಮ."

"ನೀವು ನಡೀರಿ. ಬಾಲ ದಾಟಿತು. ನನ್ನ ಕೆಲಸ ಮುಗೀತು."

ಅವನು ಟೋಪಿ ತಲೆಗೇರಿಸಿ ಪೆಡಲು ತುಳಿದ.

ಕವಲಕ್ಕ ಸೈಕಲ್ಲನ್ನು ತಳ್ಳಿಕೊಂಡು ಜೊಂಡಿನ ದಾರಿಗೆ ಇಳಿದಳು. ಚಕ್ರ ಕಟಕಟ ಎನ್ನದಂತೆ ಹಿಂದಿನ ಗಾಲಿಯನ್ನು ಒಂದಿಷ್ಟು ಎತ್ತಿ ನಡೆಸಿದಳು. ಅಪ್ಪ ಹಾಗೆಯೇ ನಡೆಸುತ್ತಿದ್ದ. ನಾಲ್ಕು ಹೆಜ್ಜೆ ದೂರದಲ್ಲಿ ಒಂದು ನೀರುಕೋಳಿ ಗೂಡಿನ ಮೇಲೆ ಕುಳಿತಿತ್ತು. ಅವಳನ್ನು ನೋಡಿತು. ಏಳಲಿಲ್ಲ. ಈ ಹೆಂಗಸಿನಿಂದ ಕೇಡಿಲ್ಲ ಎಂದು ಅದಕ್ಕೆ ನಂಬಿಕೆ. ಆ ನಂಬಿಕೆಯನ್ನು ಕಂಡು ಅವಳ ಕಣ್ಣು ತುಂಬಿತು.

"ಕೇಳು ಮಾರಾಯ್ತಿ," ಎಂದಳು ಪಿಸುಮಾತಿನಲ್ಲಿ. "ಮರಿ ಬೆಳೆದ ಕೂಡಲೇ ಬೇರೆ ಕಡೆ ಹೋಗು. ಹೀಗೆ ಕೂತೇ ಇರ್ತೀಯ ಅಂತ ಅವರಿಗೆಲ್ಲ ಗೊತ್ತು."

ಹಕ್ಕಿ ರೆಕ್ಕೆ ಸಡಿಲಿಸಿ ಇನ್ನಷ್ಟು ಬೆಚ್ಚಗೆ ಕುಳಿತುಕೊಂಡಿತು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಸಿಳ್ಳೆ ಕೇಳಿತು. ಉದ್ದನೆಯದು. ತಲೆ ಎಣಿಸಿ ಒಂದು ಕಡಿಮೆ ಬಂದಿರಬೇಕು. ಕವಲಕ್ಕನ ಹೆಬ್ಬೆರಳು ತಾನೇತಾನಾಗಿ ಬೆಲ್ಲಿನ ಮೇಲೆ ಹೋಯಿತು. ಎಷ್ಟು ವರ್ಷದ ರೂಢಿ! ಸಿಳ್ಳೆ ಮತ್ತೆ ಕೇಳಿತು, ಈ ಸಲ ಕೊನೆಯಲ್ಲಿ ಸ್ವಲ್ಪ ನಡುಗಿತು. ಕತ್ತಲೆಗೆ ಹೆದರಿ ಅವಳ ಸೆರಗು ಹಿಡಿದು ಮಲಗುತ್ತಿದ್ದ ಹುಡುಗಿಯ ದನಿ ಆ ನಡುಕದಲ್ಲಿತ್ತು.

ಹಕ್ಕಿ ಕತ್ತೆತ್ತಿ ಆಲಿಸಿತು.

ಕವಲಕ್ಕ ಬೆಲ್ಲಿನ ಮೇಲೆ ಪೂರ್ತಿ ಅಂಗೈ ಮುಚ್ಚಿ ಹಿಡಿದಳು. ಒಂದಿಷ್ಟೂ ಸದ್ದಾಗದ ಹಾಗೆ, ಮಲಗಿದ ಮಗುವಿನ ಕಿವಿ ಮುಚ್ಚಿದ ಹಾಗೆ. ಗೇಟಿನಲ್ಲಿ ತಂಗಿ ನಿಂತಿದ್ದಳು. ಓಗೊಡುವ ತನಕ ಅವಳು ಹೋಗುವ ಹಾಗಿಲ್ಲ.

ನಿಲ್ಲಲಿ, ಎಂದುಕೊಂಡಳು.