ಲೆಕ್ಕಕ್ಕೆ ಸಿಗದ ನಾಲ್ಕು ಕರೆಗಳು

ಆ ದಿನ ಬೆಳಿಗ್ಗೆ ಮಂಜು ಇನ್ನೂ ಬಿಟ್ಟಿರಲಿಲ್ಲ. ಬೀದಿಯ ಕೊನೆಯ ದೀಪದ ಕಂಬ ಅರ್ಧ ಕಾಣುತ್ತಿತ್ತು, ಇನ್ನರ್ಧ ಇತ್ತೆಂದು ನಂಬಿಕೊಳ್ಳಬೇಕಿತ್ತು. ಗಾಳಿ ಇರಲಿಲ್ಲ. ಮಹಡಿಯ ಮೇಲೆ ಎರಡು ಗಳಗಳ ನಡುವೆ ಕಟ್ಟಿದ್ದ ತಾಮ್ರದ ತಂತಿಯ ಉದ್ದಕ್ಕೂ ಹನಿಗಳು ಸಾಲಾಗಿ ಕೂತಿದ್ದವು. ತಂತಿ ಮಾವ ಅವನ್ನೊಮ್ಮೆ ನೋಡಿ, ಸೂರ್ಯ ಇರಬೇಕಾದ ದಿಕ್ಕಿಗೆ ಕೈಮುಗಿದು, ಕೆಳಗಿಳಿದು ಬಂದು ತಮ್ಮ ದಪ್ಪ ಪುಸ್ತಕದಲ್ಲಿ ಬರೆದರು: ‘ಮಂಜು. ಗಾಳಿಯಿಲ್ಲ.’

ಅವರು ಟೆಲಿಫೋನ್ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಲೈನು ನೋಡಿಕೊಂಡವರು. ನಿವೃತ್ತರಾದ ಮೇಲೆ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಹ್ಯಾಮ್ ರೇಡಿಯೊ ಇಟ್ಟುಕೊಂಡಿದ್ದರು. ಯಾವುದೋ ದೇಶದ ಯಾವನೋ ಮೀನುಗಾರ, ಇನ್ಯಾವುದೋ ಊರಿನ ಶಾಲೆ ಮೇಷ್ಟರು, ಎಲ್ಲರೂ ಅವರಿಗೆ ಗೆಳೆಯರೇ. ಯಾರ ಜೊತೆ ಎಷ್ಟು ಹೊತ್ತಿಗೆ ಮಾತಾಡಿದೆ, ಆಗ ಆಕಾಶ ಹೇಗಿತ್ತು, ಎಲ್ಲವನ್ನೂ ಬರೆದಿಡುವುದು ಅವರಿಗೆ ಸಂಧ್ಯಾವಂದನೆಯಷ್ಟೇ ನಿಷ್ಠೆಯ ಕೆಲಸ. ಬಾಯಲ್ಲಿ ಆಡಿದ್ದನ್ನು ಗಾಳಿ ಒಯ್ಯುತ್ತದೆ, ಬರೆದದ್ದನ್ನು ದೇವರು ಓದುತ್ತಾನೆ ಎನ್ನುತ್ತಿದ್ದರು.

ಅವರು ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಹುಡುಗಿ ಎಂದರೆ ನಲವತ್ತು ದಾಟಿದವಳು. ಬೀದಿಯ ಬಾಯಲ್ಲಿ ಮಾತ್ರ ಇನ್ನೂ ಹುಡುಗಿ. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇತ್ತು.

“ಮಾವ, ಒಂದು ಮಾತು. ಬೇಜಾರು ಮಾಡ್ಕೋಬಾರದು.”

“ಬೇಜಾರಿನ ಮಾತಾದ್ರೆ ಕೂತು ಹೇಳು ತಾಯಿ. ನಿಂತು ಹೇಳಿದ್ರೆ ಜಾಸ್ತಿ ತಗಲುತ್ತೆ.”

ಅವಳು ಕೂತಳು. “ನೀವು ರೇಡಿಯೊದಲ್ಲಿ ಮಾತಾಡಿದಾಗ ಅಪ್ಪನ ಗಂಟೆ ತಾನಾಗೇ ಹೊಡ್ಕೊಳ್ಳುತ್ತೆ ಅಂತ ನನ್ನ ಅನುಮಾನ.”

ಅವಳ ಅಪ್ಪ ಬಸ್ ಓಡಿಸುತ್ತಿದ್ದವರು. ಹೋದ ವರ್ಷ ಲಕ್ವ ಹೊಡೆದು ಮಾತು ಹೋಯಿತು, ಎಡಗಡೆ ಹೋಯಿತು. ಬಲಗೈಯ ಬೆರಳುಗಳಲ್ಲಿ ಮಾತ್ರ ಜೀವ ಉಳಿದಿತ್ತು. ಎಲೆಕ್ಟ್ರಿಷಿಯನ್ ಒಬ್ಬ ಆ ಕೈಗೊಂದು ಒತ್ತುವ ಸ್ವಿಚ್ಚು ಕೊಟ್ಟು, ಹಿಂದಿನ ಕೋಣೆಯಿಂದ ನಡುಮನೆಯ ಗೋಡೆಯ ಮೇಲೆ ತಂತಿ ಎಳೆದು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ತಲೆಯ ಮೇಲೆ ಒಂದು ಗಂಟೆ ಕೂರಿಸಿ ಹೋಗಿದ್ದ. ಒತ್ತಿದರೆ ಹಕ್ಕಿಯಂತೆ ಚಿಲಿಪಿಲಿ ಅನ್ನುತ್ತಿತ್ತು.

“ಮೂವತ್ತು ವರ್ಷ ಕಂಡಕ್ಟರ ಗಂಟೆ ಹೊಡೆದ, ಇವರು ಓಡಿಸಿದ್ರು. ಈಗ ಇವರು ಹೊಡೀತಾರೆ, ನಾನು ಓಡ್ತೀನಿ,” ಎಂದು ನಕ್ಕಳು. ನಗು ಬೇಗ ಮುಗಿಯಿತು. “ಓಡಿ ಹೋದ್ರೆ ಅಪ್ಪ ನಿದ್ದೇಲಿರ್ತಾರೆ. ಅರ್ಧ ತೋಳು ಹೊಲಿದು ಎದ್ದು ಹೋಗೋದು, ಸುಮ್ನೆ ವಾಪಸ್ ಬರೋದು. ಈಗೀಗ ಕೆಲವು ಸಲ ನಾನು ಏಳೋದೇ ಇಲ್ಲ ಮಾವ. ಅದಕ್ಕೇ ಹೆದರಿಕೆ. ಒಂದಿನ ನಿಜವಾಗಿ ಕರೆದಾಗಲೂ ಏಳದೇ ಇದ್ರೆ?”

ಮಾವನಿಗೆ ಕೋಪ ಬರಲಿಲ್ಲ, ಅನುಮಾನವೂ ಬರಲಿಲ್ಲ. “ನನ್ನ ಸ್ಟೇಷನ್ ತೊಳೆದ ಬಟ್ಟಲಿನ ಹಾಗಿದೆ. ನನ್ನ ಮನೆ ಟಿವಿಯಲ್ಲಿ ಒಂದು ಗೆರೆ ಬರಲ್ಲ. ಆದ್ರೂ ನಿನ್ನ ಮಾತು, ನನ್ನ ಮಾತು ಎರಡೂ ಬೇಡ. ಎರಡು ವಾರ ಗಂಟೆ ಹೊಡೆದಾಗೆಲ್ಲ ಹೊತ್ತು ಬರೆದಿಡು. ನಾನು ಮಾತಾಡಿದ ಹೊತ್ತು ನನ್ನ ಪುಸ್ತಕದಲ್ಲಿದೆ. ಎದುರುಬದರು ಇಟ್ಟು ನೋಡೋಣ.”

ಎರಡು ವಾರ ಕಳೆದು ಭಾನುವಾರ ಬೆಳಿಗ್ಗೆ ಇಬ್ಬರೂ ಎದುರುಬದರು ಕೂತರು. ಅವಳದು ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆ; ಇಪ್ಪತ್ತಮೂರು ಸಾಲು. ಅವಳು ಏಳು ನಲವತ್ತೊಂದು ಎಂದರೆ ಮಾವನ ಪುಸ್ತಕದಲ್ಲಿ ಆ ಹೊತ್ತಿಗೆ ರೇಡಿಯೊ ಆರಿತ್ತು. ಒಂಬತ್ತು ಹದಿನೈದು ಎಂದರೆ ಅವರು ಸ್ನಾನಕ್ಕೆ ಹೋಗಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ಇಪ್ಪತ್ತಮೂರರಲ್ಲಿ ಎರಡು ಹೊಂದಿದವು, ಅವೂ ಹೇಗೋ ಬಂದು ಕೂತಂತಿದ್ದವು.

“ನೋಡು ತಾಯಿ,” ಎಂದರು ಮಾವ. ಧ್ವನಿಯಲ್ಲಿ ಗೆದ್ದ ಸದ್ದೇನೂ ಇರಲಿಲ್ಲ, ತಿಳಿದವರ ನೆಮ್ಮದಿ ಇತ್ತು. “ದೋಷ ಗಂಟೇದು. ಅಗ್ಗದ ಮಾಲು, ಮನಸ್ಸು ಬಂದಾಗ ಕೂಗುತ್ತೆ. ಅದನ್ನ ನಂಬಬೇಡ.”

“ನೀವು ಹೇಳಿದ ಮೇಲೆ ಮುಗೀತು,” ಎಂದು ಅವಳು ಪುಸ್ತಕ ಮಡಿಸಿಕೊಂಡು ಹೋದಳು.

ಸಂಜೆ ಮಾವನ ಹೆಂಡತಿ ಉದ್ದ ಕಡಿಮೆ ಮಾಡಲು ಕೊಟ್ಟಿದ್ದ ಪರದೆ ತರಲು ಪಕ್ಕದ ಮನೆಗೆ ಹೋದವರು, ಪರದೆ ಬಿಟ್ಟು ಬರಿಗೈಯಲ್ಲಿ ಬಂದರು.

“ರೀ, ಆ ಹುಡುಗಿ ಡ್ರೈವರಣ್ಣನ ಕೈಯಿಂದ ಸ್ವಿಚ್ ತೆಗೆದು ಮೊಳೆಗೆ ನೇತುಹಾಕಿದಾಳೆ. ಗಂಟೆ ಸುಳ್ಳು ಅಂತ ನೀವೇ ಹೇಳಿದ್ರಂತೆ. ಗಂಟೆಗೊಂದು ಸಲ ತಾನೇ ಹೋಗಿ ನೋಡ್ತಾಳಂತೆ. ಅವರ ಬೆರಳು ನೋಡೋಕಾಗಲ್ಲ ಕಣ್ರೀ, ಸುಮ್ನೆ ಹೊದಿಕೆ ಒತ್ತುತ್ತಾ ಇದೆ.”

ಮಾವ ತುತ್ತು ಕೆಳಗಿಟ್ಟರು. “ಲೆಕ್ಕ ಹೊಂದಲಿಲ್ಲವಲ್ಲ. ನಾನೇನು ಮಾಡಲಿ? ಅವಳು ಬರೆದ ಹೊತ್ತನ್ನೆಲ್ಲ ಇಳಿಸಿಕೊಂಡಿದ್ದೀನಿ, ನೀನೇ ನೋಡು.”

ಹೆಂಡತಿ ಕನ್ನಡಕ ಏರಿಸಿ ನೋಡಿದರು. “ಇದೆಲ್ಲ ಅವಳ ಹೊಲಿಗೆ ಕೋಣೆ ಗಡಿಯಾರದ ಹೊತ್ತಾ?”

“ಮತ್ತಿನ್ಯಾವುದು?”

“ಅಯ್ಯೋ ರಾಮ. ಅದು ಹನ್ನೊಂದು ನಿಮಿಷ ಮುಂದೆ ಇದೆ. ಹೇಳಿದ ಹೊತ್ತಿಗೆ ಬಟ್ಟೆ ಕೊಡಲ್ಲ ಅಂತ ಎಲ್ಲರೂ ಬೈತಾರೆ, ಅದಕ್ಕೇ ಅವಳೇ ಮುಂದಿಟ್ಟುಕೊಂಡಿದಾಳೆ. ಇಟ್ಟುಕೊಂಡು ಐದು ವರ್ಷ ಆಯ್ತು. ಅವಳಿಗೇ ಮರೆತು ಹೋಗಿರಬೇಕು.” ಪುಸ್ತಕ ಹಿಂದಿರುಗಿಸಿದರು. “ಲೋಕದ ಆ ತುದೀಲಿ ಎಷ್ಟು ಗಂಟೆ ಅಂತ ನಿದ್ದೇಲೂ ಹೇಳ್ತೀರಿ. ಗೋಡೆ ಆಚೆ ಎಷ್ಟು ಗಂಟೆ ಅಂತ ಗೊತ್ತಿಲ್ಲ ನಿಮಗೆ.”

ಮಾವ ಎದ್ದರು. ಕೈ ತೊಳೆದು ಬಂದು, ಒಂದೊಂದು ಸಾಲಿನಿಂದಲೂ ಹನ್ನೊಂದು ಕಳೆದರು. ಏಳು ನಲವತ್ತೊಂದು ಏಳು ಮೂವತ್ತಾಯಿತು. ಏಳೂವರೆಗೆ ಅವರು ಮೀನುಗಾರನಿಗೆ ನಮಸ್ಕಾರ ಹೇಳಿದ್ದರು. ಒಂಬತ್ತು ನಾಲ್ಕಕ್ಕೆ ಶಾಲೆ ಮೇಷ್ಟರು. ಬಿತ್ತಿದ ಸಾಲಿನಲ್ಲಿ ಪೈರು ಎದ್ದಂತೆ ಒಂದೊಂದೇ ಎದ್ದು ನಿಂತವು. ಹತ್ತೊಂಬತ್ತು. ಹೆಂಡತಿಯ ಮುಖ ನೋಡದೆ ಹೇಳಿದರು: “ತೊಳೆದ ಬಟ್ಟಲು ಅಂದುಬಿಟ್ಟೆ. ಹೊರಗಿಂದಷ್ಟೇ ತೊಳೆದಿದ್ದೆ.”

ಮರುದಿನ ಬೆಳಗಿನ ಮಾತುಕತೆಗೆ ಅವರು ರೇಡಿಯೊ ಹಚ್ಚಲಿಲ್ಲ. ಮಧ್ಯಾಹ್ನ, ಅವಳ ಗಿರಾಕಿಗಳ ಗಲಾಟೆ ಮುಗಿದ ಮೇಲೆ, ಚೀಲ ಹಿಡಿದು ಪಕ್ಕದ ಮನೆಗೆ ಹೋದರು. ಲೆಕ್ಕದ ತಪ್ಪು ಹೇಗಾಯಿತೆಂದು ಹೊಸ್ತಿಲಲ್ಲೇ ಹೇಳಿದರು. ಅವಳು ಗಡಿಯಾರದ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು.

“ನಿನ್ನ ತಪ್ಪಲ್ಲ. ಗಡಿಯಾರ ಯಾವುದು ಅಂತ ನಾನು ಕೇಳಬೇಕಿತ್ತು. ಎಲ್ಲಿ, ಆ ಪಟ್ಟಿ ಕೊಡು.”

ಅವಳ ಅಳತೆ ಪಟ್ಟಿಯಿಂದಲೇ ಸ್ವಿಚ್ಚಿನಿಂದ ಗಂಟೆಯವರೆಗಿನ ತಂತಿ ಅಳೆದರು. ಹತ್ತು ಮೀಟರಿಗೆ ಒಂದು ಗೇಣು ಹೆಚ್ಚು.

“ಸಿಕ್ತು. ನಾನು ಮಾತಾಡೋ ಅಲೆ ನಲವತ್ತು ಮೀಟರ್ ಉದ್ದ. ನಿಮ್ಮ ತಂತಿ ಅದರ ಕಾಲು ಪಾಲು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ. ನನ್ನ ಅಲೆ ಇದಕ್ಕೆ ಹತ್ತಿಕೊಂಡು ಗಂಟೆ ಒಳಗೆ ಹೋಗುತ್ತೆ, ಯಾರೋ ಒತ್ತಿದ್ರು ಅಂದ್ಕೊಂಡು ಅದು ಕೂಗುತ್ತೆ.”

“ಹಂಗಾದ್ರೆ ತಂತಿ ಕತ್ತರಿಸೋದಾ?”

“ಕತ್ತರಿ ಹಾಕೋದು ನಿನ್ನ ಕಸುಬು,” ಎಂದು ಮಾವ ಚೀಲದಿಂದ ಬಳೆಯಷ್ಟು ದೊಡ್ಡ ಕಪ್ಪು ಉಂಗುರವೊಂದನ್ನು ತೆಗೆದರು. “ಇದಕ್ಕೆ ತಂತಿ ಸುತ್ತಿದ್ರೆ ಅಲೆ ದಾಟಲ್ಲ, ನಿಮ್ಮಪ್ಪ ಒತ್ತಿದ್ದು ಮಾತ್ರ ದಾಟುತ್ತೆ.” ಗಂಟೆಯ ಹತ್ತಿರ ಸ್ಟೂಲು ಹತ್ತಿ ಸುತ್ತತೊಡಗಿದರು. ಮೂರನೆಯ ಸುತ್ತಿಗೇ ತಂತಿ ಒಂದರ ಮೇಲೊಂದು ಹತ್ತಿತು.

“ಇಳೀರಿ ಮಾವ. ಬಾಬಿನ್‌ಗೆ ನೂಲು ಸುತ್ತೋ ಕೈ ಇದು.” ಅವಳು ಹನ್ನೆರಡು ಸುತ್ತು ಸುತ್ತಿದಳು, ಒಂದರ ಪಕ್ಕ ಒಂದು, ಉಗುರು ತೂರದಷ್ಟು ಒತ್ತಾಗಿ. ಮಾವ ಗಂಟೆಯ ಮುಚ್ಚಳ ಬಿಚ್ಚಿ, ಒಳಗೆ ಅಕ್ಕಿಕಾಳಿನಷ್ಟು ಚಿಕ್ಕದೊಂದು ಕೆಪಾಸಿಟರ್ ಬೆಸುಗೆ ಹಾಕಿದರು. “ದಾರಿ ತಪ್ಪಿ ಒಳಗೆ ಬಂದದ್ದು ಏನಾದ್ರೂ ಉಳಿದಿದ್ರೆ ಇದು ನುಂಗಿಕೊಳ್ಳುತ್ತೆ.”

ಆಮೇಲೆ ಮನೆಗೆ ಹೋಗಿ ರೇಡಿಯೊವನ್ನು ಪೂರ್ತಿ ಶಕ್ತಿಗೆ ತಿರುಗಿಸಿದರು. ಸಿಕ್ಕ ಗೆಳೆಯನೊಬ್ಬನ ಜೊತೆ ಐದು ನಿಮಿಷ ಬಿಡದೆ ಮಾತಾಡಿದರು: ತಮ್ಮ ಊರಲ್ಲಿ ಮಂಜು ಹೇಗಿತ್ತು, ತಮ್ಮ ಮಂಡಿ ಹೇಗಿದೆ, ಪಕ್ಕದ ಮನೆಯ ಮುಂದೆ ತಮ್ಮ ಮಾನ ಹೇಗೆ ಹೋಯಿತು. ಗೋಡೆಯಾಚೆ ದರ್ಜಿ ಹುಡುಗಿ ಗಂಟೆಯ ಕೆಳಗೆ ಕೈಕಟ್ಟಿ ನಿಂತಿದ್ದಳು. ಗಂಟೆ ಬಾಯಿ ಬಿಡಲಿಲ್ಲ. ಅವರು ವಾಪಸ್ ಬಂದಾಗ ಅವಳು ನಡುಮನೆಯ ಮೊಳೆಯಲ್ಲಿದ್ದ ಸ್ವಿಚ್ಚನ್ನು ಒಮ್ಮೆ ಒತ್ತಿದಳು. ಹಕ್ಕಿ ಕೂಗಿತು.

“ಇನ್ನು ಇದು ಕೂಗಿದ್ರೆ ಕರೆದದ್ದು ನಿಮ್ಮಪ್ಪನೇ,” ಎಂದರು ಮಾವ. “ಬರೆದು ಕೊಡ್ತೀನಿ ಬೇಕಾದ್ರೆ.”

ಅವಳು ಹೂಂ ಎಂದಳು. ಆದರೆ ಕಣ್ಣು ತನ್ನ ಹಾಳೆಯ ಮೇಲಿತ್ತು. “ಮಾವ, ಹತ್ತೊಂಬತ್ತು ನಿಮ್ಮದು ಅಂದ್ರಿ. ಇಲ್ಲಿರೋದು ಇಪ್ಪತ್ತಮೂರು.”

ಮಾವನೂ ಆ ನಾಲ್ಕನ್ನು ರಾತ್ರಿಯೇ ನೋಡಿದ್ದರು, ಹೇಳುವ ಬಾಯಿ ಬಂದಿರಲಿಲ್ಲ. ಆ ನಾಲ್ಕು ಹೊತ್ತಿನಲ್ಲೂ ರೇಡಿಯೊ ಆರಿತ್ತು. ನಾಲ್ಕೂ ಸಂಜೆ ನಾಲ್ಕರ ಆಸುಪಾಸು. ಅವಳ ಹಾಳೆಯಲ್ಲಿ ಆ ನಾಲ್ಕು ಸಾಲಿನ ಪಕ್ಕ ಅವಳದೇ ಅಕ್ಷರದಲ್ಲಿ ಒಂದೇ ಪದ ಇತ್ತು: ‘ಹೋಗಲಿಲ್ಲ’.

“ಅಪ್ಪ ಕರೆದಿದ್ರು,” ಎಂದಳು ಅವಳು. “ಏನು ಬೇಕಿತ್ತೋ.”

ಮಾವ ತಮ್ಮ ಪುಸ್ತಕ ತೆರೆದು ಆ ನಾಲ್ಕು ದಿನಗಳನ್ನು ಹುಡುಕಿದರು. ಮೋಡ, ಮಂಜು, ತುಂತುರು ಎಂದು ಬರೆದ ದಿನಗಳ ನಡುವೆ ಆ ನಾಲ್ಕು ದಿನ ಮಾತ್ರ ಒಂದೇ ಮಾತು: ‘ಸ್ವಚ್ಛ ಬಿಸಿಲು’. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಹಿಂದಿನ ಕೋಣೆಗೆ ನಡೆದರು.

ಅಂದೂ ಮಧ್ಯಾಹ್ನದ ಹೊತ್ತಿಗೆ ಆಕಾಶ ಬಿಚ್ಚಿಕೊಂಡಿತ್ತು. ಈಗ ನಾಲ್ಕರ ಸುಮಾರಿಗೆ ಪಡುವಣ ಕಿಟಕಿಯಿಂದ ಬಿಸಿಲು ನೇರ ದಿಂಬಿಗೆ ಬಿದ್ದಿತ್ತು. ಡ್ರೈವರಣ್ಣ ಕಣ್ಣು ಬಿಗಿಯಾಗಿ ಮುಚ್ಚಿ, ತಲೆ ತಿರುಗಿಸಲಾಗದೆ, ಬಲಗೈಯ ಹೆಬ್ಬೆರಳಿನಿಂದ ಹೊದಿಕೆಯನ್ನು ಒತ್ತುತ್ತಿದ್ದರು. ಮೂವತ್ತು ವರ್ಷ ಎದುರು ಬಿಸಿಲಿಗೆ ಬಸ್ ಓಡಿಸಿದವರು. ಆಗ ತಲೆಯ ಮೇಲಿನ ಬಿಸಿಲುಮರೆಯನ್ನು ತಾವೇ ಕೈಯೆತ್ತಿ ಇಳಿಸಿಕೊಳ್ಳುತ್ತಿದ್ದರು.

ಅವಳು ಪರದೆ ಎಳೆದಳು. ಮುಖದ ಮೇಲಿನ ಬಿಗಿ ನಿಧಾನವಾಗಿ ಬಿಟ್ಟಿತು. ಅವರು ಕಣ್ಣು ತೆರೆದು, ಮೊದಲು ಪರದೆಯನ್ನು, ಆಮೇಲೆ ಮಗಳನ್ನು ನೋಡಿದರು.

ಮಾವ ಮಂಚದ ಕಾಲ್ದೆಸೆಗೆ ನಿಂತು ಹೇಳಿದರು: “ಡ್ರೈವರಣ್ಣ, ನಿಮ್ಮ ಗಂಟೆ ಸುಳ್ಳು ಅಂದವನು ನಾನು. ನನ್ನ ಲೆಕ್ಕ ತಪ್ಪಾಗಿತ್ತು. ಗಂಟೆ ನಿಜ, ನೀವು ಕರೆದದ್ದೂ ನಿಜ. ಆ ಮಾತು ವಾಪಸ್ ತಗೊಂಡೆ.” ಡ್ರೈವರಣ್ಣನ ರೆಪ್ಪೆ ಒಂದು ಸಲ ಮುಚ್ಚಿ ತೆರೆಯಿತು; ಆ ಮನೆಯಲ್ಲಿ ಹೂಂ ಎನ್ನುವುದಕ್ಕೆ ಅಷ್ಟೇ.

“ನಾಲ್ಕು ಸಲ ಕರೆದ್ರಿ ಅಪ್ಪ, ನಾನು ಏಳಲಿಲ್ಲ,” ಎಂದಳು ಮಗಳು. ಬಾಗಿಲಾಚೆಯ ಮೊಳೆಯಿಂದ ಸ್ವಿಚ್ಚನ್ನು ಇಳಿಸಿ ತಂದು, ತನ್ನ ಸೆರಗಿನಿಂದ ಒರೆಸಿದಳು. ಅಪ್ಪನ ಅಂಗೈ ಬಿಡಿಸಿ ಅದನ್ನು ಅಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದಳು.