ಅಜ್ಜಿಯ ಮುಖ ತೊಟ್ಟವನು

ಮುಖವೇ ಇಲ್ಲದ ಒಬ್ಬ ರಾಕ್ಷಸನಿದ್ದನಂತೆ. ಕಂಡವರ ಮುಖ ಕದ್ದು ತೊಟ್ಟುಕೊಂಡು ಮನೆಮನೆಗೆ ನುಗ್ಗುತ್ತಿದ್ದನಂತೆ. ಅಜ್ಜಿಯ ಕಥೆಯಲ್ಲಾದರೆ ಅವನನ್ನು ಹಿಡಿಯಲು ರಾಜಕುಮಾರಿ ಕುದುರೆ ಏರುತ್ತಿದ್ದಳು. ನಾನು ಒಂಬತ್ತರ ಬಸ್ಸು ಹತ್ತುತ್ತಿದ್ದೆ. ಆನ್‌ಲೈನ್ ಅಂಗಡಿಯೊಂದರಲ್ಲಿ ವಿಮರ್ಶೆ ಬರೆಯುವವರ ಫೋಟೋ ಅಸಲಿಯೋ ನಕಲಿಯೋ ಎಂದು ಹೇಳುವುದು ನನ್ನ ಕೆಲಸ. ಒಂದು ಫೋಟೋಗೆ ಆರು ಸೆಕೆಂಡು.

ಮೊನ್ನೆ ಆ ರಾಕ್ಷಸ ನಮ್ಮಜ್ಜಿಯ ಮುಖವನ್ನೇ ತೊಟ್ಟಿದ್ದ. ನಮ್ಮದೇ ಅಂಗಡಿಯ ಮಂಡಿನೋವಿನ ಎಣ್ಣೆಯೊಂದರ ಕೆಳಗೆ, 'ಮೂರೇ ದಿನದಲ್ಲಿ ಮೆಟ್ಟಿಲು ಹತ್ತಿದೆ' ಎಂಬ ಹೊಗಳಿಕೆಯ ಪಕ್ಕ, ಅಜ್ಜಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು. ನಾನೇ ತೆಗೆದು ನನ್ನ ಫೇಸ್‌ಬುಕ್ ಪುಟದಲ್ಲಿ ಹಾಕಿಕೊಂಡಿದ್ದ ಫೋಟೋ. ಅದನ್ನು ನಂಬಿ ಎಣ್ಣೆ ತರಿಸಿ ಹಚ್ಚಿಕೊಂಡ ಪಕ್ಕದ ಮನೆಯ ದರ್ಜಿಯಮ್ಮನಿಗೆ ಮಂಡಿ ತುಂಬ ಬೊಬ್ಬೆ.

"ನಲವತ್ತು ವರ್ಷದ ಸ್ನೇಹ ಕಣೇ! ಎಷ್ಟು ಕೊಟ್ರು ನಿಂಗೆ?" ಎಂದು ನಮ್ಮ ಬಾಗಿಲಲ್ಲೇ ಕೂಗಾಡಿ ಹೋದಳು.

ಅಜ್ಜಿ ನನ್ನತ್ತ ತಿರುಗಿದಳು. "ನಾನಾಡದ ಮಾತನ್ನ ನನ್ನ ಮುಖ ಆಡಿದೆ. ಅದನ್ನ ಅಲ್ಲಿಂದ ಕೀಳೋವರೆಗೂ ನನ್ನ ಹತ್ರ ಕಥೆ ಕೇಳ್ಬೇಡ."

"ಇವತ್ತೇ ಕೀಳಿಸ್ತೀನಜ್ಜಿ."

ಕಚೇರಿಗೆ ಹೋದವಳೇ ಮೇಲ್ವಿಚಾರಕನ ಮುಂದೆ ನಿಂತೆ. ಕುರ್ಚಿಗಳ ಹಿಂದೆ ನಿಂತು ಗಡಿಯಾರ ನೋಡುವ ಅವನಿಗೆ ನಾವಿಟ್ಟ ಹೆಸರು ಸೆಕೆಂಡಪ್ಪ.

"ಸರ್, ಇವ್ರು ನಮ್ಮಜ್ಜಿ. ಆ ಎಣ್ಣೆ ಮೂಸಿಯೂ ನೋಡಿಲ್ಲ. ತೆಗೀರಿ."

"ನಿಮ್ಮಜ್ಜಿ ನಿಜವಾದ ಮನುಷ್ಯರು ತಾನೇ?"

"ಮತ್ತಿನ್ನೇನು, ಗೊಂಬೆನಾ?"

"ಹಾಗಾದ್ರೆ ಫೋಟೋ ಅಸಲಿ. ನಮ್ಮಲ್ಲೇ ಪಾಸಾಗಿದೆ. ಪಾಸು ಮಾಡಿದೋರು ತಪ್ಪೊಪ್ಪಿ ಬರೆದುಕೊಟ್ರೆ ಮಾತ್ರ ತೆಗೀಬಹುದು."

"ಯಾವ ಪುಣ್ಯಾತ್ಮ ಕಣ್ಮುಚ್ಕೊಂಡು ಪಾಸು ಮಾಡಿದ್ದು? ಕರೀರಿ ಇಲ್ಲಿ, ಗ್ರಹಚಾರ ಬಿಡಿಸ್ತೀನಿ!"

ಸೆಕೆಂಡಪ್ಪ ಪರದೆಯನ್ನು ನನ್ನ ಕಡೆ ತಿರುಗಿಸಿದ. ಹದಿನೇಳನೇ ಮೇಜು. ನನ್ನದು.

ನಮಗೆ ಕಲಿಸಿದ್ದೇ ಹಾಗೆ: ಕಂಪ್ಯೂಟರ್ ತಾನೇ ಬರೆದ ನಕಲಿ ಮುಖ ಕಿವಿಯಲ್ಲಿ, ಕೂದಲಂಚಿನಲ್ಲಿ ಎಡವುತ್ತದೆ, ಅಷ್ಟನ್ನೇ ದೊಡ್ಡದು ಮಾಡಿ ನೋಡು, ಮುಂದೆ ಹೋಗು. ಅಜ್ಜಿಯ ಹರಿದ ಕಿವಿಯೊಂದನ್ನೇ ನೋಡಿ 'ಅಸಲಿ' ಒತ್ತಿದ್ದೆ. ಅದೇ ಕಿವಿಯನ್ನು ಹಿಡಿದುಕೊಂಡು ಕಥೆ ಕೇಳುತ್ತಾ ಬೆಳೆದವಳು ನಾನು!

"ಬರೆದುಕೊಟ್ರೆ ನಿಮ್ಗೆ ಕಪ್ಪುಚುಕ್ಕೆ ಬೀಳುತ್ತಮ್ಮ. ಈಗಾಗ್ಲೇ ಎರಡಿದೆ. ಮೂರಾದ್ರೆ ಮನೆಗೆ."

"ಬೀಳ್ಲಿ. ಆರು ಸೆಕೆಂಡಲ್ಲಿ ಮುಖ ನೋಡು ಅನ್ನೋ ನಿಮ್ಗೆ ಎಷ್ಟು ಚುಕ್ಕೆ ಸರ್?"

ಅವನು ಗಡಿಯಾರ ನೋಡಿದ. ನಾನು ಕಾಗದ ಹರಿಯುವಷ್ಟು ಒತ್ತಿ ಬರೆದೆ: 'ಮುಖ ನಮ್ಮಜ್ಜಿಯದು, ಮಾತು ಅವಳದಲ್ಲ. ನಾನು ಕಿವಿ ನೋಡಿದೆ, ಮುಖ ನೋಡಲಿಲ್ಲ.'

"ನಕಲಿ ಅಂತ ಬರೀರಿ ಸಾಕು. ಕಥೆ ಬೇಡ."

"ಕಥೆ ಅಲ್ಲ ಸರ್. ಅಳಿಸೋ ಗುಂಡಿ ಒತ್ತಿ."

ಒತ್ತಿದ. ಅಜ್ಜಿಯ ನಗು ಅಳಿಸಿಹೋಯಿತು. ಸುಳ್ಳು ಹೊಗಳಿಕೆ ಮಾತ್ರ ಅಲ್ಲೇ ಇತ್ತು, ಅದರ ಪಕ್ಕ ಮುಖವಿಲ್ಲದ ಬೂದು ವೃತ್ತವೊಂದು ಉಳಿಯಿತು.