ದಯಾನಂದ ಸೋನ್ಸರ ಮೊಣಕಾಲು

ನಾನು ಒಂದು ಮೊಣಕಾಲು ಹಲಗೆ. ಪ್ರಾರ್ಥನೆಗೆ ಮೊಣಕಾಲೂರಲು ಕೆಳಗೊಂದು ಹಲಗೆ, ಕೈಯಿಡಲು ಮುಂದೊಂದು ಅಡ್ಡಪಟ್ಟಿ, ಅಷ್ಟೇ ನನ್ನ ಮೈ. ನನಗೆ ಜನರ ಮುಖಕ್ಕಿಂತ ಮೊಣಕಾಲು ಹೆಚ್ಚು ಪರಿಚಯ. ಯಾರು ಭಕ್ತಿಯಿಂದ ಊರುತ್ತಾರೆ, ಯಾರು ಪಕ್ಕದವರು ನೋಡಲೆಂದು ಊರುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ನಾನು ಹುಟ್ಟಿದ್ದು ಮಂಗಳೂರಿನ ಜೆಪ್ಪುವಿನಲ್ಲಿ, ಬಡಗಿ ದಯಾನಂದ ಸೋನ್ಸರ ಶೆಡ್ಡಿನಲ್ಲಿ. ಮರ ಒಳ್ಳೆಯ ಹಲಸಿನದು. ತಮಾಷೆಯೆಂದರೆ, ನನ್ನನ್ನು ಮಾಡಿದವರು ನನ್ನಂಥದ್ದರ ಮೇಲೆ ಒಮ್ಮೆಯೂ ಮೊಣಕಾಲೂರಿದವರಲ್ಲ. ಸೋನ್ಸರು ಪ್ರೊಟೆಸ್ಟೆಂಟರು. ಅವರ ದೇವಾಲಯದಲ್ಲಿ ಬೆಂಚಿನ ಮೇಲೆ ಕೂತು, ಎದ್ದು ನಿಂತು ಪ್ರಾರ್ಥಿಸುತ್ತಾರೆ. ಮೊಣಕಾಲು ಹಲಗೆ ಕಥೋಲಿಕರ ಇಗರ್ಜಿಯ ಸಾಮಾನು. ಅವರು ಶಾಲೆಯ ಬೆಂಚಿನ ಅಂದಾಜಿನಲ್ಲಿ ನನ್ನನ್ನು ಅಗಲ ಕಿರಿದಾಗಿ, ಅಂಚು ಚೂಪಾಗಿ ಕೊಯ್ದು ಕೂರಿಸಿಬಿಟ್ಟರು.

ನನ್ನನ್ನು ಮಾಡಿಸಿದ್ದು ಒಂದು ನಾಟಕಕ್ಕೆ. ಎರಡೂ ಸಭೆಗಳ ಯುವಕರು ಸೇರಿ ಆಡುವ ನಾಟಕ ಅದು. ಬರೆದವನು ಲಿಗೋರಿ ಕ್ರಾಸ್ತ ಎಂಬ ಕಥೋಲಿಕ ಮಾಸ್ತರ. ಕಥೆ ಇಷ್ಟೇ: ಕಥೋಲಿಕ ಹುಡುಗನೊಬ್ಬ ಪ್ರೊಟೆಸ್ಟೆಂಟ್ ಹುಡುಗಿಯನ್ನು ಮೆಚ್ಚುತ್ತಾನೆ. ಹುಡುಗನ ಅಪ್ಪ ಮೂರು ಅಂಕ ಕೂಗಾಡಿ, ಕೊನೆಗೆ ನನ್ನ ಮೇಲೆ ಮೊಣಕಾಲೂರಿ 'ಪರಲೋಕದ ತಂದೆ'ಯ ಪ್ರಾರ್ಥನೆ ಹೇಳುವಾಗ ಕರಗಿಹೋಗಿ, "ಇವಳು ನನ್ನ ಸೊಸೆ" ಎನ್ನುತ್ತಾನೆ. ಹುಡುಗನ ಪಾತ್ರ ಲಿಗೋರಿಯದೇ. ಹುಡುಗಿಯ ಪಾತ್ರ ಸೋನ್ಸರ ಮಗಳು ಪ್ರಫುಲ್ಲಳದು.

ರಂಗದ ಹೊರಗೂ ಅವರಿಬ್ಬರದು ಅದೇ ಕಥೆ, ಅಪ್ಪ ಮಾತ್ರ ಬೇರೆ. ಲಿಗೋರಿಯ ತಾಯಿ ನತಾಲಿಯಾ ಬಾಯಮ್ಮ ಎಂದೋ ಒಪ್ಪಿದ್ದರು. ಸೋನ್ಸರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಅಪ್ಪ ಹೂಂ ಅನ್ನದೆ ನಾನು ಮದುವೆಯಾಗುವುದಿಲ್ಲ" ಎಂದು ಪ್ರಫುಲ್ಲಳೂ ಹೇಳಿಬಿಟ್ಟಿದ್ದಳು. ತಮ್ಮ ಪಾದ್ರಿಯವರ ಮಾತಿಗೆ ಕಟ್ಟುಬಿದ್ದು ಸೋನ್ಸರು ಮಗಳನ್ನು ನಾಟಕಕ್ಕೆ ಕಳುಹಿಸಿದರು ನಿಜ, ಆದರೆ ಪ್ರತಿ ಅಭ್ಯಾಸಕ್ಕೂ ತಾವೇ ಬಂದು ಕಾವಲು ಕೂತರು. ಕೂತು ಕೂತು ನಾಟಕವೆಲ್ಲ ಅವರಿಗೆ ಬಾಯಿಪಾಠವಾಯಿತು.

ಒಂದು ದಿನ ಬಾಯಮ್ಮ ಬಂದು ನನ್ನ ಮೇಲೆ ಮೊಣಕಾಲೂರಿ ನೋಡಿದರು. ಊರಿದ್ದೇ ಮುಖ ಕಿವುಚಿ ಎದ್ದರು.

"ಎಂತ ಮಾರಾಯ್ರೇ, ಇದು ಪ್ರಾರ್ಥನೆಗಾ, ಶಿಕ್ಷೆಗಾ? ನೀವೇ ಒಮ್ಮೆ ಊರಿ ನೋಡಿ, ಗೊತ್ತಾಗ್ತದೆ."

"ಸೋನ್ಸರ ಮನೆಯವರು ಹಲಗೆಗೆ ಮೊಣಕಾಲು ಊರುವವರಲ್ಲ ಬಾಯಮ್ಮ," ಎಂದರು ಸೋನ್ಸರು. ಅಂಚನ್ನು ಕೀಸಿ ಕೊಡಲೂ ಇಲ್ಲ. ಹಟಮಾರಿಗಳು. ನನಗೆ ಆಗ ಅವರ ಮೇಲೆ ಸಿಟ್ಟೇ ಬಂದಿತ್ತು.

ನಾಟಕದ ದಿನ ಬಂತು. ಭಾನುವಾರ ಸಂಜೆ ನಾಲ್ಕಕ್ಕೆ ಹಾಲ್ ತುಂಬಿತು. ಅಪ್ಪನ ಪಾತ್ರದವರಿಗೆ ಗಂಟಲು ಕಟ್ಟಿ ಸ್ವರವೇ ಹೊರಡಲಿಲ್ಲ. ಮಾತೆಲ್ಲ ಬರುವವರು ಇನ್ನೊಬ್ಬರೇ ಇದ್ದರು. ಪ್ರಫುಲ್ಲ ಬಂದು ಕೈಹಿಡಿದಳು. "ಅಪ್ಪ, ನಾಟಕ ನಿಂತ್ರೆ ಎರಡೂ ಕಡೆಯವರು ನಗ್ತಾರೆ." ಸೋನ್ಸರು ಗೊಣಗುತ್ತಲೇ ಕೋಟು ಹಾಕಿಕೊಂಡರು.

ಮೂರು ಅಂಕ ಅವರು ಕೂಗಾಡಿದ್ದು ನೋಡಬೇಕಿತ್ತು! ಅದಕ್ಕೆ ಅಭಿನಯ ಬೇಕಾಗಿರಲಿಲ್ಲ. ಕೊನೆಗೆ ಬಂದು ನನ್ನ ಮೇಲೆ ಮೊಣಕಾಲೂರಿದರು. ತಾವೇ ಕೊಯ್ದ ಅಂಚು ಅವರಿಗೇ ಕಚ್ಚಿತು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನೂ ಅಂದುಕೊಂಡೆ. ಅವರ ಕಣ್ಣಲ್ಲಿ ನೀರು ಬಂತು, ಮುಂದಿನ ಸಾಲಿನ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಪ್ರಾರ್ಥನೆ. ಕೇಡಿನಿಂದ ಕಾಪಾಡು ಎಂಬಲ್ಲಿಗೆ ಕಥೋಲಿಕರು ನಿಲ್ಲಿಸಿ ಆಮೆನ್ ಹೇಳುತ್ತಾರೆ. ಪ್ರೊಟೆಸ್ಟೆಂಟರಿಗೆ ಇನ್ನೂ ಒಂದು ಸಾಲು ಉಂಟು: ರಾಜ್ಯ, ಬಲ, ಮಹಿಮೆ ಎಲ್ಲವೂ ನಿನ್ನದೇ ಎಂದು. ನಾಟಕದ ಅಪ್ಪ ಕಥೋಲಿಕ, ಅವನು ನಿಲ್ಲಬೇಕಿತ್ತು. ಸೋನ್ಸರ ನಾಲಗೆ ಐವತ್ತು ವರ್ಷದ ರೂಢಿಯಂತೆ ಆ ಸಾಲನ್ನೂ ಹೇಳಿ ಮುಗಿಸಿತು.

"ಪೊರ್ಬುಗಳು ನಮ್ಮ ದೇವಾಲಯಕ್ಕೆ ಸೇರಿದ್ರಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಪೊರ್ಬು ಎಂದರೆ ನಮ್ಮ ಕಡೆ ಕಥೋಲಿಕರು. ನಗು ಎದ್ದಿತು. ಸೋನ್ಸರ ಒಂದು ಮೊಣಕಾಲು ನನ್ನ ಮೇಲಿಂದ ಎದ್ದಿದ್ದು ನನಗೊಬ್ಬನಿಗೇ ಗೊತ್ತು. ಎದ್ದು ಹೊರಟೇಹೋಗುತ್ತಾರೆ, ಮಗಳ ಮದುವೆಯೂ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಗ ಮುಂದಿನ ಸಾಲಿನಿಂದ ನತಾಲಿಯಾ ಬಾಯಮ್ಮ ಎದ್ದು ನಿಂತು ಗಟ್ಟಿಯಾಗಿ, "ಆಮೆನ್!" ಎಂದರು. ನಗು ನಿಂತಿತು. ಆಮೆನ್ ಎರಡೂ ಕಡೆಯವರಿಗೆ ಸೇರಿದ್ದಲ್ಲವೇ? ಹಾಲ್‌ಗೆ ಹಾಲೇ ಆಮೆನ್ ಹೇಳಿತು.

ಸೋನ್ಸರು ಮೆಲ್ಲನೆ ಎದ್ದರು. ಪರದೆಯ ಹಿಂದಿನಿಂದ "ಸೊಸೆ, ಸೊಸೆ ಅನ್ನಿ" ಎಂದು ಮಾತು ನೆನಪಿಸುವವನು ಪಿಸುಗುಟ್ಟುತ್ತಲೇ ಇದ್ದ. ಅವರು ಲಿಗೋರಿಯ ಕೈ ಹಿಡಿದರು.

"ಬಾಯಮ್ಮ ಆಮೆನ್ ಹೇಳಿಯಾಯ್ತು. ಇನ್ನು ನಾನೆಂತ ಹೇಳ್ಲಿಕ್ಕುಂಟು? ಇವ ನನ್ನ ಅಳಿಯ."

ಪ್ರಫುಲ್ಲ ತನ್ನ ಮಾತು ಮರೆತು ಅಪ್ಪನ ಕೋಟಿಗೆ ಮುಖವಿಟ್ಟು ಅತ್ತಳು. ಪರದೆ ಎಳೆಯಲು ಎಲ್ಲರಿಗೂ ಮರೆತುಹೋಗಿತ್ತು.

ಮರುದಿನ ಬೆಳಿಗ್ಗೆ ಸೋನ್ಸರು ನನ್ನನ್ನು ಶೆಡ್ಡಿಗೆ ಒಯ್ದು ಅಂಚು ಕೀಸಿದರು, ತೆಂಗಿನ ನಾರು ತುಂಬಿ ಕೆಂಪು ರೆಕ್ಸಿನ್ ಹೊದಿಸಿದರು. ಮದುವೆಯ ದಿನ ನಾನು ಪ್ರಫುಲ್ಲಳ ಜೊತೆಗೇ ಕ್ರಾಸ್ತರ ಮನೆಗೆ ಬಂದೆ. ಬಾಯಮ್ಮನೇ ನನ್ನ ಒಡತಿಯಾದರು. ಸಂಜೆ ಏಳಕ್ಕೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಕೊಂಕಣಿಯಲ್ಲಿ. ಸೋನ್ಸರು ಮಗಳನ್ನು ನೋಡುವ ನೆಪದಲ್ಲಿ ಹೆಚ್ಚುಕಡಿಮೆ ದಿನವೂ ಬರುತ್ತಿದ್ದರು. ಮೊಣಕಾಲೂರುತ್ತಿರಲಿಲ್ಲ, ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. 'ಪರಲೋಕದ ತಂದೆ' ಮುಗಿಯುವಲ್ಲಿ ಬಾಯಮ್ಮ ಒಂದು ಗಳಿಗೆ ನಿಲ್ಲಿಸುತ್ತಿದ್ದರು. ಸೋನ್ಸರು ತಮ್ಮ ಒಂದು ಸಾಲನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಆಮೇಲೆ ಇಬ್ಬರೂ ಸೇರಿ ಆಮೆನ್. ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು.

ಈಗ ನಾನು ಮುದುಕ. ರೆಕ್ಸಿನ್ ಹರಿದು ನಾರು ಇಣುಕುತ್ತಿದೆ. ಬಾಯಮ್ಮನ ಮೊಣಕಾಲಿಗೂ ಕಸುವಿಲ್ಲ, ಅವರು ಸೋನ್ಸರ ಕುರ್ಚಿಯಲ್ಲೇ ಕೂತು ನನ್ನ ಮೇಲೆ ಪಾದ ಇಟ್ಟುಕೊಳ್ಳುತ್ತಾರೆ. ಹಗಲೆಲ್ಲ ನನ್ನ ಮೇಲೆ ಪೇಪರಿನ ಕಟ್ಟು ಇರುತ್ತದೆ. ಏಳು ಗಂಟೆಗೆ ಪ್ರಫುಲ್ಲ ಅದನ್ನು ಎತ್ತಿಡುತ್ತಾಳೆ. ನನಗೆ ಯಾವ ಕೊರಗೂ ಇಲ್ಲ.

ಸೋನ್ಸರು ತೀರಿಹೋದ ವಾರ ಮನೆಯಲ್ಲಿ ಮತ್ತೆ ತೇರ್ಸ್ ಶುರುವಾದ ಸಂಜೆ, ಬಾಯಮ್ಮ ರೂಢಿಯಂತೆ ಆ ಜಾಗದಲ್ಲಿ ನಿಲ್ಲಿಸಿದರು. ಸ್ವಲ್ಪ ಹೊತ್ತು ಕಾದು ನೋಡಿ, ಬಾಯಮ್ಮ ಕನ್ನಡದಲ್ಲಿ ಆ ಒಂದು ಸಾಲನ್ನು ತಾವೇ ಹೇಳಿದರು. ಅಂದಿನಿಂದ ದಿನವೂ ಅವರೇ ಹೇಳುತ್ತಾರೆ.